ಮಾತಿಗೆ ಅವಕಾಶ, ಕಡತಕ್ಕೆ ಬೀಗ: ರಕ್ಷಣಾ ವಿಷಯದಲ್ಲಿ ಸಂಸತ್ತು ಸೋಲುವುದೆಲ್ಲಿ?

2025ರ ಜುಲೈ 15ರಂದು ಬ್ರಿಟನ್ನಿನ ರಕ್ಷಣಾ ಸಚಿವ ಜಾನ್ ಹೀಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ ಒಂದು ಹೇಳಿಕೆ ನೀಡಿದರು. ಅವರು ಹೇಳಿದ ಸಂಗತಿ ಬಹುತೇಕ ಸದಸ್ಯರ ಕಿವಿಗೆ ಬಿದ್ದದ್ದು ಅದೇ ಮೊದಲು. ಬ್ರಿಟಿಷ್ ಪಡೆಗಳ ಜತೆ ಕೆಲಸ ಮಾಡಿ, ತಾಲಿಬಾನ್ ಭಯದಿಂದ ಬ್ರಿಟನ್ನಿನಲ್ಲಿ ಆಶ್ರಯ ಕೋರಿದ್ದ ಸುಮಾರು 19 ಸಾವಿರ ಆಫ್ಘನ್ನರ ವಿವರಗಳಿದ್ದ ಪಟ್ಟಿಯೊಂದು 2022ರ ಫೆಬ್ರವರಿಯಲ್ಲಿ ರಕ್ಷಣಾ ಇಲಾಖೆಯ ನೌಕರರೊಬ್ಬರ ಕೈತಪ್ಪಿ ಹೊರಗೆ ಹೋಗಿತ್ತು. ಇಲಾಖೆಗೆ ಅದು ಗೊತ್ತಾದದ್ದು 2023ರ ಆಗಸ್ಟ್‌ನಲ್ಲಿ. ಮರುತಿಂಗಳೇ ನ್ಯಾಯಾಲಯದಿಂದ ‘ಸೂಪರ್ ಇನ್‌ಜಂಕ್ಷನ್’ ಬಂತು. ಅದರ ಪ್ರಕಾರ ಸೋರಿಕೆಯ ಬಗ್ಗೆ ಮಾತಾಡುವಂತಿಲ್ಲ, ಮಾತಾಡಬಾರದೆಂಬ ಆದೇಶವಿದೆ ಎಂಬುದನ್ನೂ ಹೇಳುವಂತಿಲ್ಲ. ಸುಮಾರು ಎರಡು ವರ್ಷ ಹೀಗೇ ನಡೆಯಿತು. ನಡುವೆ ಸಾರ್ವತ್ರಿಕ ಚುನಾವಣೆಯಾಗಿ ಸರ್ಕಾರವೇ ಬದಲಾಯಿತು. ಅಪಾಯದಲ್ಲಿದ್ದವರನ್ನು ಕರೆತರಲು ಗುಟ್ಟಾಗಿ ಒಂದು ಯೋಜನೆ ಶುರುವಾಯಿತು. ಅದರ ಒಟ್ಟು ವೆಚ್ಚ 85 ಕೋಟಿ ಪೌಂಡ್ ಎಂದು ಇಲಾಖೆ ಅಂದಾಜಿಸಿತು. ಆ ಅಂಕಿಯನ್ನು ಖಚಿತಪಡಿಸಿಕೊಳ್ಳಲು ಆಗಲಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಆಮೇಲೆ ವರದಿ ಮಾಡಿತು. ಗೋಪ್ಯ ದಾಖಲೆಗಳನ್ನು ನೋಡಲೆಂದೇ ಬ್ರಿಟಿಷ್ ಸಂಸತ್ತಿನಲ್ಲಿ ಗುಪ್ತಚರ ಮತ್ತು ಭದ್ರತಾ ಸಮಿತಿಯೊಂದಿದೆ. ಅದಕ್ಕೂ ಈ ವಿಷಯ ತಿಳಿಸಿರಲಿಲ್ಲ.

ಆದೇಶ ಕೋರಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪಟ್ಟಿ ತಾಲಿಬಾನ್ ಕೈಸೇರಿದರೆ ಜನ ಸಾಯುತ್ತಾರೆಂಬ ಭಯ ನಿಜವಾದದ್ದೇ. ಆದರೆ ಹೊಸ ಸರ್ಕಾರ ನೇಮಿಸಿದ ನಿವೃತ್ತ ಅಧಿಕಾರಿಯೊಬ್ಬರು ಪರಾಮರ್ಶೆ ನಡೆಸಿ, ಅಪಾಯ ಮೊದಲು ಭಾವಿಸಿದಷ್ಟು ಇರಲಿಕ್ಕಿಲ್ಲ ಎಂದರು. ಅದರ ಮೇಲೆಯೇ ನ್ಯಾಯಾಲಯ ಆದೇಶ ತೆರವು ಮಾಡಿತು. ‘ಈ ಗೋಪ್ಯತೆ ಇನ್ನೂ ಬೇಕೇ’ ಎಂದು ಆರು ತಿಂಗಳಿಗೊಮ್ಮೆಯಾದರೂ ಕೇಳಬಲ್ಲ ಚುನಾಯಿತ ಪ್ರತಿನಿಧಿಯೊಬ್ಬರು ಕೋಣೆಯೊಳಗೆ ಇದ್ದಿದ್ದರೆ ಆ ಪರಾಮರ್ಶೆಗೆ ಇಷ್ಟು ಕಾಲ ಬೇಕಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಸೇನೆ ಮತ್ತು ಸಂಸತ್ತಿನ ಸಂಬಂಧ ಎಂದೊಡನೆ ನಾವು ಸಾಮಾನ್ಯವಾಗಿ ಯುದ್ಧದ ಮೇಲಿನ ಚರ್ಚೆ, ಮತದಾನ, ಸಭಾತ್ಯಾಗ ಇವುಗಳನ್ನೇ ನೆನೆಯುತ್ತೇವೆ. ಯುದ್ಧ ಹೂಡಲು ಸಂಸತ್ತಿನ ಒಪ್ಪಿಗೆ ಬೇಕೇ ಬೇಡವೇ ಎಂಬ ಪ್ರಶ್ನೆಯ ಸುತ್ತಲೇ ವಾದಗಳು ಗಿರಕಿ ಹೊಡೆಯುತ್ತವೆ. ಆ ಪ್ರಶ್ನೆ ಸಣ್ಣದಲ್ಲ. ಆದರೆ ಕಳೆದ ಆರು ದಶಕಗಳ ಅನುಭವ ನೋಡಿದರೆ ಸಂಸತ್ತುಗಳು ಸೋತದ್ದು ಮತ ಹಾಕುವ ಅಧಿಕಾರ ಇಲ್ಲದ್ದಕ್ಕಿಂತ ಹೆಚ್ಚಾಗಿ ಕಡತ ನೋಡುವ ಅಧಿಕಾರ ಇಲ್ಲದ್ದರಿಂದ.

ಇರಾಕ್ ಯುದ್ಧದ್ದೇ ಉದಾಹರಣೆ. 2003ರ ಮಾರ್ಚ್ 18ರಂದು ಬ್ರಿಟಿಷ್ ಸಂಸತ್ತು 412–149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಸೇನೆ ಹೊರಡುವ ಮುನ್ನ ಚರ್ಚೆಯಾಯಿತು, ಎಣಿಕೆಯಾಯಿತು. ಸದಸ್ಯರ ಕೈಯಲ್ಲಿದ್ದದ್ದು ಮಾತ್ರ ಸರ್ಕಾರ ಆರಿಸಿ ಕೊಟ್ಟ ಮಾಹಿತಿ. ಯುದ್ಧ ಕಾನೂನುಬದ್ಧವೇ ಎಂಬ ಬಗ್ಗೆ ಅಟಾರ್ನಿ ಜನರಲ್ ಮಾರ್ಚ್ 7ರಂದು ಬರೆದುಕೊಟ್ಟ ದೀರ್ಘ ಅಭಿಪ್ರಾಯದಲ್ಲಿ ಅನುಮಾನಗಳಿದ್ದವು. ಸದನದ ಮುಂದೆ ಬಂದದ್ದು ಅನುಮಾನಗಳೇ ಇಲ್ಲದ ಚಿಕ್ಕ ಉತ್ತರ. 2016ರ ಜುಲೈನಲ್ಲಿ ಪ್ರಕಟವಾದ ಚಿಲ್ಕಾಟ್ ವಿಚಾರಣಾ ವರದಿ, ಇರಾಕ್‌ನ ಶಸ್ತ್ರಾಸ್ತ್ರಗಳ ಕುರಿತ ಗುಪ್ತಚರ ಮಾಹಿತಿಯನ್ನು ಅದಕ್ಕಿಲ್ಲದ ಖಚಿತತೆಯೊಂದಿಗೆ ಮುಂದಿಡಲಾಗಿತ್ತು ಎಂದಿತು. ಮತ ಹಾಕಿ 13 ವರ್ಷಗಳಾಗಿದ್ದವು. ಆ ವರದಿಗೂ ಮೊದಲೇ, 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲಿನ ದಾಳಿಯ ಪ್ರಸ್ತಾವವನ್ನು ಅದೇ ಸದನ 285–272ರಿಂದ ತಿರಸ್ಕರಿಸಿದಾಗ ಸದಸ್ಯರ ಮನಸ್ಸಿನಲ್ಲಿ ಇದ್ದದ್ದು ಇರಾಕ್‌ನ ಕಹಿಯೇ. 2018ರಲ್ಲಿ ಸಿರಿಯಾ ಮೇಲೆ ದಾಳಿ ನಡೆಸುವಾಗ ಸರ್ಕಾರ ಮೊದಲು ಸದನವನ್ನು ಕೇಳಲೇ ಇಲ್ಲ.

ಕಡತಕ್ಕಾಗಿ ನೇರವಾಗಿ ಸೆಣಸಿ ಗೆದ್ದ ಸಂಸತ್ತು ಕೆನಡಾದ್ದು. ಆ ಕಥೆ ಸ್ವಲ್ಪ ವಿವರವಾಗಿ ಹೇಳುವಂಥದ್ದು. ಆಫ್ಘಾನಿಸ್ತಾನದಲ್ಲಿ ಕೆನಡಾ ಸೈನಿಕರು ಹಿಡಿದ ಬಂದಿಗಳನ್ನು ಅಲ್ಲಿನ ಆಡಳಿತಕ್ಕೆ ಒಪ್ಪಿಸುತ್ತಿದ್ದರು. ಹೀಗೆ ಒಪ್ಪಿಸಿದವರಿಗೆ ಚಿತ್ರಹಿಂಸೆ ನೀಡಲಾಗುತ್ತಿತ್ತು, ಈ ಬಗ್ಗೆ ತಾನು ಮೇಲಿನವರಿಗೆ ಎಚ್ಚರಿಕೆ ಕೊಟ್ಟಿದ್ದೆ ಎಂದು 2009ರ ನವೆಂಬರ್‌ನಲ್ಲಿ ರಾಜತಾಂತ್ರಿಕ ಅಧಿಕಾರಿ ರಿಚರ್ಡ್ ಕಾಲ್ವಿನ್ ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಗೊತ್ತಿದ್ದೂ ಒಪ್ಪಿಸಿದ್ದರೆ ಅದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ. ಸಮಿತಿ ದಾಖಲೆ ಕೇಳಿತು. ಸರ್ಕಾರ ಸಾಲುಸಾಲಿಗೆ ಕಪ್ಪು ಬಳಿದ ಹಾಳೆಗಳನ್ನು ಕೊಟ್ಟಿತು. ಡಿಸೆಂಬರ್ 10ರಂದು ಸದನ, ಕಪ್ಪು ಬಳಿಯದ ಮೂಲ ಪ್ರತಿಗಳನ್ನೇ ಒಪ್ಪಿಸಬೇಕೆಂದು ಆದೇಶಿಸಿತು. ಅಲ್ಪಮತದ ಸರ್ಕಾರವಾದ್ದರಿಂದ ವಿರೋಧ ಪಕ್ಷಗಳಿಗೆ ಇದು ಸಾಧ್ಯವಾಯಿತು. ಇಪ್ಪತ್ತು ದಿನ ಕಳೆಯುವುದರೊಳಗೆ ಪ್ರಧಾನಿ ಸ್ಟೀಫನ್ ಹಾರ್ಪರ್ ಅಧಿವೇಶನವನ್ನೇ ಮುಕ್ತಾಯಗೊಳಿಸಿದರು. ಸಂಸತ್ತು ಮತ್ತೆ ಸೇರಿದ್ದು ಮಾರ್ಚ್‌ನಲ್ಲಿ.

2010ರ ಏಪ್ರಿಲ್ 27ರಂದು ಸ್ಪೀಕರ್ ಪೀಟರ್ ಮಿಲಿಕನ್ ಕೊಟ್ಟ ರೂಲಿಂಗ್ ಅನ್ನು ಸಂಸದೀಯ ವಿಷಯಗಳಲ್ಲಿ ಆಸಕ್ತಿ ಇರುವ ಎಲ್ಲರೂ ಓದಬೇಕು. ದಾಖಲೆ ಕೇಳುವ ಸದನದ ಹಕ್ಕಿಗೆ ಮಿತಿಯಿಲ್ಲ, ರಾಷ್ಟ್ರೀಯ ಭದ್ರತೆ ಎಂಬ ಕಾರಣಕ್ಕೆ ಯಾವ ಬಗೆಯ ಕಡತವೂ ತಾನಾಗಿ ಅದರಿಂದ ಹೊರಗುಳಿಯುವುದಿಲ್ಲ ಎಂಬುದು ಅದರ ತಿರುಳು. ಅದೇ ಉಸಿರಿನಲ್ಲಿ ಅವರು ರಹಸ್ಯ ಕಾಪಾಡುವ ಹೊಣೆ ಸದನದ್ದೂ ಹೌದು ಎಂದರು, ಎರಡನ್ನೂ ಹೊಂದಿಸುವ ದಾರಿ ಹುಡುಕಲು ಪಕ್ಷಗಳಿಗೆ ಎರಡು ವಾರ ಕೊಟ್ಟರು. ದಾರಿ ಸಿಕ್ಕಿತು. ಗೋಪ್ಯತೆಯ ಪ್ರಮಾಣ ಮಾಡಿದ ಕೆಲವೇ ಸದಸ್ಯರ ಸಮಿತಿಯೊಂದು ಮೂಲ ಕಡತಗಳನ್ನು ನೋಡಬೇಕು. ಯಾವ ಭಾಗವನ್ನು ಹೇಗೆ ಹೊರಗಿಡಬಹುದು ಎಂಬುದನ್ನು ನಿವೃತ್ತ ನ್ಯಾಯಮೂರ್ತಿಗಳ ಮಂಡಳಿ ತೀರ್ಮಾನಿಸಬೇಕು. ಒಂದು ಪಕ್ಷ ಈ ಏರ್ಪಾಡು ಸಾಲದೆಂದು ದೂರ ಉಳಿಯಿತು. 2011ರ ಜೂನ್‌ನಲ್ಲಿ ಸುಮಾರು 4,000 ಪುಟಗಳು ಹೊರಬಂದವು, ಅಷ್ಟರಲ್ಲಿ ಚುನಾವಣೆಯಲ್ಲಿ ಹಾರ್ಪರ್ ಪಕ್ಷಕ್ಕೆ ಬಹುಮತ ಬಂದು ಸಮಿತಿಯ ಕೆಲಸ ಅರ್ಧಕ್ಕೇ ನಿಂತಿತ್ತು. ಪೂರ್ಣ ಗೆಲುವೇನಲ್ಲ. ಆದರೂ ‘ಕಡತ ತೋರಿಸಿದರೆ ದೇಶದ ಭದ್ರತೆ ಹೋಗುತ್ತದೆ’ ಮತ್ತು ‘ಎಲ್ಲವನ್ನೂ ಬೀದಿಯಲ್ಲಿ ಹರಡಿ’ ಎಂಬ ಎರಡು ತುದಿಗಳ ನಡುವೆ ನಡೆಯಬಲ್ಲ ದಾರಿಯಿದೆ ಎಂಬುದು ಅಲ್ಲಿ ಸಾಬೀತಾಯಿತು.

ಜರ್ಮನಿ ಬೇರೆ ಬಗೆಯದು. ನಾಜಿ ಕಾಲದ ಸೇನೆಯ ನೆನಪು ಇನ್ನೂ ಹಸಿಯಾಗಿದ್ದಾಗ ಕಟ್ಟಿದ ಸೇನೆ ಅದು; ಹಾಗಾಗಿ 1956ರಲ್ಲೇ ಸಂವಿಧಾನಕ್ಕೆ ಎರಡು ವಿಧಿಗಳನ್ನು ಸೇರಿಸಿದರು. 45ಎ ವಿಧಿಯ ಪ್ರಕಾರ ಸಂಸತ್ತಿನ ರಕ್ಷಣಾ ಸಮಿತಿ ತನ್ನನ್ನೇ ವಿಚಾರಣಾ ಸಮಿತಿಯಾಗಿ ಮಾರ್ಪಡಿಸಿಕೊಳ್ಳಬಹುದು, ಅದೂ ಸಮಿತಿಯ ನಾಲ್ಕನೇ ಒಂದರಷ್ಟು ಸದಸ್ಯರು ಕೇಳಿದರೆ ಸಾಕು. ಆಡಳಿತ ಪಕ್ಷದ ಬಹುಮತಕ್ಕೆ ಕಾಯಬೇಕಿಲ್ಲ. 45ಬಿ ವಿಧಿಯಂತೆ ಸೇನೆಗಾಗಿ ಒಬ್ಬ ಸಂಸದೀಯ ಆಯುಕ್ತರಿರುತ್ತಾರೆ. ಯಾವ ಸೈನಿಕನಾದರೂ ಮೇಲಧಿಕಾರಿಯ ಅನುಮತಿಯಿಲ್ಲದೆ ನೇರವಾಗಿ ಅವರಿಗೆ ಪತ್ರ ಬರೆಯಬಹುದು. ಆಯುಕ್ತರು ಮುನ್ಸೂಚನೆ ಇಲ್ಲದೆ ಯಾವ ಬ್ಯಾರಕ್ಕಿಗಾದರೂ ಹೋಗಬಹುದು, ಕಡತ ತರಿಸಿ ನೋಡಬಹುದು. ಹಳೆಯ ಕಟ್ಟಡ, ಸಾಲದ ಸಲಕರಣೆ, ಕಿರುಕುಳ, ಬಲಪಂಥೀಯ ಉಗ್ರರ ನುಸುಳುವಿಕೆ ಎಲ್ಲವೂ ಅವರ ವಾರ್ಷಿಕ ವರದಿಯಲ್ಲಿ ಬರುತ್ತದೆ. 2.5 ಕೋಟಿ ಯೂರೊ ಮೀರಿದ ಪ್ರತಿ ಸೇನಾ ಖರೀದಿಯೂ ಸಂಸತ್ತಿನ ಬಜೆಟ್ ಸಮಿತಿಯ ಮುಂದೆ ಬರಲೇಬೇಕು.

2009ರ ಸೆಪ್ಟೆಂಬರ್ 4ರಂದು ಈ ವ್ಯವಸ್ಥೆಗೆ ಪರೀಕ್ಷೆ ಎದುರಾಯಿತು. ಆಫ್ಘಾನಿಸ್ತಾನದ ಕುಂದುಜ್ ಬಳಿ ತಾಲಿಬಾನಿಗಳು ಅಪಹರಿಸಿದ್ದ ಎರಡು ಇಂಧನ ಟ್ಯಾಂಕರ್‌ಗಳ ಮೇಲೆ ಜರ್ಮನ್ ಕರ್ನಲ್ ಒಬ್ಬರು ಅಮೆರಿಕದ ವಿಮಾನಗಳಿಂದ ಬಾಂಬ್ ಹಾಕಿಸಿದರು. ಇಂಧನ ತುಂಬಿಕೊಳ್ಳಲು ಬಂದಿದ್ದ ನಾಗರಿಕರು ಸತ್ತರು. ಆಗಿನ ರಕ್ಷಣಾ ಸಚಿವ ಫ್ರಾಂಜ್ ಜೋಸೆಫ್ ಯುಂಗ್ ನಾಗರಿಕರ ಸಾವನ್ನು ಮೊದಲು ಅಲ್ಲಗಳೆದರು. ಚುನಾವಣೆ ಮುಗಿಯಿತು. ನವೆಂಬರ್‌ನಲ್ಲಿ ಸೇನಾ ಪೊಲೀಸರ ವರದಿ ಪತ್ರಿಕೆಯೊಂದರಲ್ಲಿ ಬಯಲಾಯಿತು: ನಾಗರಿಕರ ಸಾವಿನ ಸುಳಿವು ಇಲಾಖೆಗೆ ಮೊದಲೇ ಇತ್ತು. ಸೇನೆಯ ಅತ್ಯುನ್ನತ ಅಧಿಕಾರಿ ಹುದ್ದೆ ಕಳೆದುಕೊಂಡರು, ಅಷ್ಟರಲ್ಲಿ ಕಾರ್ಮಿಕ ಸಚಿವರಾಗಿದ್ದ ಯುಂಗ್ ರಾಜೀನಾಮೆ ಕೊಟ್ಟರು. ರಕ್ಷಣಾ ಸಮಿತಿ ವಿಚಾರಣಾ ಸಮಿತಿಯಾಗಿ 2011ರವರೆಗೆ ಸಾಕ್ಷ್ಯ ಪಡೆಯಿತು. ದಾಳಿಗೆ ಆದೇಶಿಸಿದ ಕರ್ನಲ್ ಮೇಲಿನ ಕ್ರಿಮಿನಲ್ ತನಿಖೆಯನ್ನು ಪ್ರಾಸಿಕ್ಯೂಟರ್‌ಗಳು ಕೈಬಿಟ್ಟರು, ಅವರಿಗೆ ಮುಂದೆ ಬಡ್ತಿಯೂ ಸಿಕ್ಕಿತು, ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ 2021ರಲ್ಲಿ ಜರ್ಮನಿಯ ತನಿಖೆ ಸಮರ್ಪಕವಾಗಿತ್ತೆಂದು ಹೇಳಿತು. ಇದನ್ನು ಹೇಳಲೇಬೇಕು, ಏಕೆಂದರೆ ಪರಿಶೀಲನೆ ಎಂದರೆ ಸೈನಿಕನನ್ನು ಕಟಕಟೆಗೆ ಹತ್ತಿಸುವುದು ಎಂಬ ಭಯ ನಮ್ಮಲ್ಲಿ ಬೇರೂರಿದೆ. ಕುಂದುಜ್‌ನಲ್ಲಿ ಬೆಲೆ ತೆತ್ತವರು ಬಾಂಬ್ ಹಾಕಿಸಿದವರಲ್ಲ, ತಿಳಿದದ್ದನ್ನು ಸದನದಿಂದ ಬಚ್ಚಿಟ್ಟವರು.

ಇನ್ನು ಭಾರತ. ನಮ್ಮ ಸಂಸತ್ತಿನ ಇತಿಹಾಸದಲ್ಲಿ ಹೆಮ್ಮೆಪಡುವಂಥ ಒಂದು ಅಧ್ಯಾಯ 1962ರದ್ದು. ಚೀನಾ ಜತೆ ಯುದ್ಧ ನಡೆಯುತ್ತಿರುವಾಗಲೇ, ಅಟಲ್ ಬಿಹಾರಿ ವಾಜಪೇಯಿ ಮುಂತಾದವರ ಒತ್ತಾಯದಂತೆ, ನೆಹರೂ ನವೆಂಬರ್ 8ಕ್ಕೆ ಅಧಿವೇಶನ ಕರೆದರು. ಗುಪ್ತ ಅಧಿವೇಶನ ನಡೆಸೋಣವೆಂಬ ಸಲಹೆಯನ್ನು ಒಪ್ಪಲಿಲ್ಲ. ಒಂದು ವಾರ ಕಾಲ ಬಾಗಿಲು ತೆರೆದಿಟ್ಟುಕೊಂಡೇ ನಡೆದ ಚರ್ಚೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಸದಸ್ಯರು ಮಾತಾಡಿದರು, ಸರ್ಕಾರವನ್ನು ಕಟುವಾಗಿ ಟೀಕಿಸಿದರು. ಯುದ್ಧ ಶುರುವಾದಾಗ ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಅದಾಗಲೇ ಸಂಪುಟದಿಂದ ಹೊರಹೋಗಿದ್ದರು.

ಆದರೆ ಆ ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲಿ ಸಲ್ಲಿಕೆಯಾದಾಗ ಸದನಕ್ಕೆ ಸಿಕ್ಕಿದ್ದು ರಕ್ಷಣಾ ಸಚಿವ ವೈ.ಬಿ. ಚವಾಣ್ ಅವರ ಸಾರಾಂಶ ಮಾತ್ರ. 2010ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ, ವರದಿಯ ವಿಷಯಗಳಿಗೆ ಇಂದಿಗೂ ಸೇನಾ ಮಹತ್ವವಿದೆ ಎಂದು ಸಂಸತ್ತಿಗೆ ಹೇಳಿ ಬಿಡುಗಡೆ ನಿರಾಕರಿಸಿದರು. 2014ರಲ್ಲಿ ವಿದೇಶಿ ಪತ್ರಕರ್ತರೊಬ್ಬರು ಅದರ ಬಹುಭಾಗವನ್ನು ಅಂತರ್ಜಾಲಕ್ಕೆ ಹಾಕಿದರು. ಜಗತ್ತೇ ಓದಿತು, ಸಂಸತ್ತಿನ ಮೇಜಿಗೆ ಮಾತ್ರ ಅದು ಬರಲಿಲ್ಲ. ಕಾಂಗ್ರೆಸ್ ಇರಲಿ, ಬಿಜೆಪಿ ಇರಲಿ, ಅಧಿಕಾರಕ್ಕೆ ಬಂದ ಮೇಲೆ ಎಲ್ಲರ ನಿಲುವೂ ಒಂದೇ ಆಯಿತು.

ಇದಕ್ಕೆ ನಿಯಮದಲ್ಲೇ ಬೇರಿದೆ. ಲೋಕಸಭೆಯ ಕಾರ್ಯವಿಧಾನದ 270ನೇ ನಿಯಮ ಸಮಿತಿಗಳಿಗೆ ವ್ಯಕ್ತಿಗಳನ್ನೂ ದಾಖಲೆಗಳನ್ನೂ ತರಿಸಿಕೊಳ್ಳುವ ಅಧಿಕಾರ ಕೊಡುತ್ತದೆ. ಅದರ ಕೆಳಗಿನ ಷರತ್ತಿನಲ್ಲಿ, ದೇಶದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆಯಾಗುತ್ತದೆ ಎಂಬ ಕಾರಣಕ್ಕೆ ಸರ್ಕಾರ ದಾಖಲೆ ಕೊಡಲು ನಿರಾಕರಿಸಬಹುದು ಎಂದಿದೆ. ಧಕ್ಕೆಯಾಗುತ್ತದೆಯೇ ಎಂದು ತೂಗಿ ನೋಡುವವರು ಯಾರು? ಕಡತ ಯಾರ ಬಳಿಯಿದೆಯೋ ಅವರೇ. ಕಾರ್ಗಿಲ್ ಕಾಲದ ಖರೀದಿಗಳ ಕುರಿತ ಮಹಾಲೇಖಪಾಲರ (ಸಿಎಜಿ) ವರದಿಯನ್ನು ಪರಿಶೀಲಿಸುತ್ತಿದ್ದ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ರಕ್ಷಣಾ ಒಪ್ಪಂದಗಳ ಬಗ್ಗೆ ಕೇಂದ್ರ ವಿಚಕ್ಷಣಾ ಆಯೋಗ ನೀಡಿದ್ದ ವರದಿಯನ್ನು ಕೇಳಿತು. ರಕ್ಷಣಾ ಸಚಿವಾಲಯ ಕೊಡಲಿಲ್ಲ. ಬೊಫೋರ್ಸ್ ವಿಷಯದಲ್ಲಿ 1987ರಲ್ಲಿ ರಚನೆಯಾದ ಜಂಟಿ ಸಂಸದೀಯ ಸಮಿತಿಯನ್ನು ಪ್ರಮುಖ ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು. ದಾಖಲೆಗಳು ಹೊರಬಂದದ್ದು ಸಮಿತಿಯ ಕೋಣೆಯಿಂದಲ್ಲ, ಪತ್ರಿಕೆಗಳ ಪುಟಗಳಿಂದ. ರಫೇಲ್ ಖರೀದಿಯ ಸಿಎಜಿ ವರದಿ 2019ರ ಫೆಬ್ರವರಿಯಲ್ಲಿ ಮಂಡನೆಯಾದಾಗ ಅದರಲ್ಲಿ ಬೆಲೆಯ ಅಂಕಿಗಳನ್ನು ಮರೆಮಾಚಲಾಗಿತ್ತು.

ರಕ್ಷಣಾ ಇಲಾಖೆಗೆ ಪ್ರತ್ಯೇಕ ಸ್ಥಾಯಿ ಸಮಿತಿ ಬಂದದ್ದು 1993ರಲ್ಲಿ. ಮೂವತ್ತೊಂದು ಸದಸ್ಯರು: ಲೋಕಸಭೆಯ 21, ರಾಜ್ಯಸಭೆಯ 10. ಈ ಸಮಿತಿ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಮಾರ್ಚ್ ಸಾಕ್ಷಿ. ಆಗ ಅಧ್ಯಕ್ಷರಾಗಿದ್ದವರು ನಿವೃತ್ತ ಮೇಜರ್ ಜನರಲ್, ಆಡಳಿತ ಪಕ್ಷದವರೇ ಆದ ಬಿ.ಸಿ. ಖಂಡೂರಿ. ಸೇನೆಯ ಸಲಕರಣೆಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು, ಶೇ 24 ಮಾತ್ರ ಈಗಿನವು, ಅತ್ಯಾಧುನಿಕವಾದವು ಶೇ 8 ಎಂದು ಸೇನೆಯ ಉಪಮುಖ್ಯಸ್ಥರು ಸಮಿತಿಯ ಮುಂದೆ ಹೇಳಿದ್ದು ವರದಿಯಲ್ಲಿ ದಾಖಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಮಿತಿ ಹೊಸದಾಗಿ ರಚನೆಯಾದಾಗ ಖಂಡೂರಿ ಅಧ್ಯಕ್ಷರಾಗಿ ಉಳಿಯಲಿಲ್ಲ. ಒಂದೇ ವರ್ಷದ ಅವಧಿಯ ಸಮಿತಿ ಜಲಾಂತರ್ಗಾಮಿ ಅಥವಾ ಯುದ್ಧವಿಮಾನದಂಥ ಹದಿನೈದು–ಇಪ್ಪತ್ತು ವರ್ಷ ಎಳೆಯುವ ಯೋಜನೆಯ ಬೆನ್ನು ಹತ್ತುವುದು ಹೇಗೆ? ನಿಯಮದ ಪ್ರಕಾರ ದಿನನಿತ್ಯದ ಆಡಳಿತದ ವಿಷಯಗಳನ್ನು ಅದು ಮುಟ್ಟುವಂತಿಲ್ಲ. ಸಚಿವರು ಸಾಕ್ಷಿಯಾಗಿ ಬರುವ ರೂಢಿಯಿಲ್ಲ. ಬರುವವರು ಕಾರ್ಯದರ್ಶಿಗಳು, ಸೇನಾಧಿಕಾರಿಗಳು. ನೀತಿ ನಿರ್ಧರಿಸಿದವರ ಬದಲು ಜಾರಿಗೆ ತಂದವರು ಉತ್ತರ ಹೇಳಬೇಕು.

ಹಣದ ವಿಷಯದಲ್ಲಂತೂ ಪರಿಸ್ಥಿತಿ ನೋವು ತರುತ್ತದೆ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಯಾವ ಸಚಿವಾಲಯಕ್ಕೂ ಇಷ್ಟು ದೊಡ್ಡ ಪಾಲಿಲ್ಲ. 2018ರಲ್ಲಿ ಮತ್ತು 2023ರಲ್ಲಿ ಲೋಕಸಭೆ ಎಲ್ಲ ಸಚಿವಾಲಯಗಳ ಅನುದಾನ ಬೇಡಿಕೆಗಳನ್ನೂ ಗದ್ದಲದ ನಡುವೆ ಗಿಲೋಟಿನ್ ಹಾಕಿ ಚರ್ಚೆಯಿಲ್ಲದೆ ಅಂಗೀಕರಿಸಿತು. ರಕ್ಷಣೆಯದ್ದೂ ಅದರಲ್ಲೇ ಹೋಯಿತು. ಸೇನಾ ನೇಮಕಾತಿಯ ಸ್ವರೂಪವನ್ನೇ ಬದಲಿಸಿದ ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಸಂಪುಟದ ತೀರ್ಮಾನವಾಗಿ ಹೊರಬಿತ್ತು, ಮಸೂದೆಯಾಗಿ ಸದನಕ್ಕೆ ಬರಲಿಲ್ಲ.

ಇದರಿಂದ ಮೊದಲು ಪೆಟ್ಟು ತಿನ್ನುವವನು ಸೈನಿಕ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, ಸಿಯಾಚಿನ್ ಮತ್ತು ಲಡಾಖ್‌ನಂಥ ಎತ್ತರದ ಪ್ರದೇಶಗಳಲ್ಲಿರುವ ಯೋಧರಿಗೆ ಬೂಟು, ಹಿಮಕನ್ನಡಕಗಳ ಕೊರತೆ, ಪಡಿತರದಲ್ಲಿ ಕ್ಯಾಲೊರಿ ಕಡಿತ ಇವುಗಳನ್ನು ಬರೆದಿತ್ತು. ನಾಲ್ಕೇ ತಿಂಗಳಲ್ಲಿ ಗಾಲ್ವಾನ್‌ನಲ್ಲಿ 20 ಯೋಧರು ಪ್ರಾಣ ತೆತ್ತರು. ಆ ಚಳಿಗಾಲ ಸಾವಿರಾರು ಸೈನಿಕರು ಅದೇ ಹಿಮದಲ್ಲಿ ಕಳೆದರು. 2017ರಿಂದೀಚೆಗೆ ರಕ್ಷಣೆಯ ಆಡಿಟ್ ವರದಿಗಳು ಸಂಸತ್ತಿನಲ್ಲಿ ಮಂಡನೆಯಾದರೂ ಸಿಎಜಿ ಜಾಲತಾಣದಲ್ಲಿ ಸಿಗುವುದು ನಿಂತಿದೆ. ಅದೇ 2017ರಲ್ಲಿ ಗಡಿ ಭದ್ರತಾ ಪಡೆಯ ಯೋಧರೊಬ್ಬರು ತಮ್ಮ ಊಟದ ಗುಣಮಟ್ಟವನ್ನು ವಿಡಿಯೋದಲ್ಲಿ ತೋರಿಸಿ ನೌಕರಿ ಕಳೆದುಕೊಂಡರು. ಜರ್ಮನಿಯ ಸೈನಿಕ ಇದನ್ನೇ ಒಂದು ಪತ್ರದಲ್ಲಿ ಬರೆದು ಸಂಸತ್ತಿಗೆ ಕಳಿಸಬಹುದಿತ್ತು.

ಗಾಲ್ವಾನ್ ನಂತರ 2020ರ ಸೆಪ್ಟೆಂಬರ್‌ನಲ್ಲಿ ಸೇರಿದ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಲೋಕಸಭೆಯಲ್ಲಿ ಹೇಳಿಕೆ ಓದಿದರು, ಸ್ಪಷ್ಟನೆ ಕೇಳಲು ಅವಕಾಶ ಸಿಗಲಿಲ್ಲ. ಆಪರೇಷನ್ ಸಿಂಧೂರದ ವಿಷಯದಲ್ಲಿ ಪರಿಸ್ಥಿತಿ ಕೊಂಚ ಉತ್ತಮವಾಗಿತ್ತು: 2025ರ ಜುಲೈ ಕೊನೆಯಲ್ಲಿ ಎರಡೂ ಸದನಗಳಲ್ಲಿ ದೀರ್ಘ ಚರ್ಚೆ ನಡೆಯಿತು. ಆದರೆ ಮೇ ತಿಂಗಳ ಕಾರ್ಯಾಚರಣೆಯಲ್ಲಿ ನಾವೂ ವಿಮಾನ ಕಳೆದುಕೊಂಡೆವು ಎಂಬುದನ್ನು ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಮೇ 31ರಂದು ಸಿಂಗಪುರದಲ್ಲಿ ವಿದೇಶಿ ಮಾಧ್ಯಮಕ್ಕೆ ಹೇಳಿದರು. ಸಂಖ್ಯೆ ಹೇಳಲಿಲ್ಲ. ಎರಡು ತಿಂಗಳ ನಂತರದ ಚರ್ಚೆಯಲ್ಲೂ ಸದನಕ್ಕೆ ಸಂಖ್ಯೆ ಸಿಗಲಿಲ್ಲ. ಫಲಿತಾಂಶ ಮುಖ್ಯ ಎಂಬ ಧಾಟಿಯ ಉತ್ತರ ಸಿಕ್ಕಿತು. ಕಾರ್ಯಾಚರಣೆ ನಡೆಯುವಾಗ ನಷ್ಟದ ವಿವರ ಬಚ್ಚಿಡುವುದು ಅಗತ್ಯ, ಒಪ್ಪುತ್ತೇನೆ. ವಿದೇಶಿ ವರದಿಗಾರರ ಮುಂದೆ ಒಪ್ಪಿಕೊಳ್ಳಬಹುದಾದ ವಿಷಯವನ್ನು ಪ್ರಮಾಣವಚನ ಸ್ವೀಕರಿಸಿದ ಹತ್ತು ಸದಸ್ಯರ ಮುಂದೆ, ಮುಚ್ಚಿದ ಬಾಗಿಲ ಹಿಂದೆಯೂ ಇಡಲಾಗದು ಎಂಬುದನ್ನು ಮಾತ್ರ ಒಪ್ಪಲಾರೆ.

ಸೇನೆಯ ನಡವಳಿಕೆಯ ಪ್ರಶ್ನೆ ಇನ್ನೂ ಗಂಭೀರ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡ್‌ನ ಮೋನ್ ಜಿಲ್ಲೆಯ ಓಟಿಂಗ್ ಬಳಿ, ಕಲ್ಲಿದ್ದಲು ಗಣಿಯಿಂದ ಪಿಕಪ್ ವಾಹನದಲ್ಲಿ ಮನೆಗೆ ಮರಳುತ್ತಿದ್ದವರನ್ನು ಉಗ್ರರೆಂದು ತಿಳಿದು ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಮಂದಿ ಸತ್ತರು. ನಂತರದ ಘರ್ಷಣೆಗಳೂ ಸೇರಿ ಪ್ರಾಣ ಕಳೆದುಕೊಂಡ ನಾಗರಿಕರು 14. ಒಬ್ಬ ಯೋಧನೂ ಸತ್ತ. ಎರಡು ದಿನಗಳ ನಂತರ ಗೃಹ ಸಚಿವ ಅಮಿತ್ ಶಾ ಸಂಸತ್ತಿನಲ್ಲಿ ವಿಷಾದ ವ್ಯಕ್ತಪಡಿಸಿ, ನಿಲ್ಲಿಸಲು ಸೂಚಿಸಿದರೂ ವಾಹನ ವೇಗವಾಗಿ ಸಾಗಲು ಯತ್ನಿಸಿತು ಎಂದರು. ಬದುಕುಳಿದವರು ಅದನ್ನು ಅಲ್ಲಗಳೆದರು. ರಾಜ್ಯ ಪೊಲೀಸರ ವಿಶೇಷ ತನಿಖಾ ತಂಡ, ಗುರುತು ಖಚಿತಪಡಿಸಿಕೊಳ್ಳದೆ ಗುಂಡು ಹಾರಿಸಲಾಯಿತೆಂದು 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಹಾಕಿತು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಡಿ ಅವರ ವಿಚಾರಣೆಗೆ ಬೇಕಾದ ಅನುಮತಿಯನ್ನು ಕೇಂದ್ರ 2023ರಲ್ಲಿ ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಮುಕ್ತಾಯಗೊಳಿಸಿತು. ಸಚಿವರ ಹೇಳಿಕೆ ಮತ್ತು ತನಿಖಾ ತಂಡದ ತೀರ್ಮಾನ, ಈ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಕ್ಷಿಗಳನ್ನು ಕರೆಸಿ ಕೇಳುವ ಸಂಸದೀಯ ವೇದಿಕೆ ಇರಲಿಲ್ಲ. ಜಮ್ಮು–ಕಾಶ್ಮೀರದಿಂದ 2001ರ ನಂತರ ಬಂದ ಇಂಥ 50 ಕೋರಿಕೆಗಳಲ್ಲಿ 47 ನಿರಾಕರಣೆಯಾಗಿ 3 ಬಾಕಿ ಇವೆ ಎಂದು ರಕ್ಷಣಾ ಸಚಿವಾಲಯ 2018ರ ಜನವರಿಯಲ್ಲಿ ರಾಜ್ಯಸಭೆಗೆ ತಿಳಿಸಿತ್ತು. ಈ ಸಂಖ್ಯೆ ಹೊರಬಂದದ್ದು ಒಬ್ಬ ಸದಸ್ಯರು ಪ್ರಶ್ನೆ ಕೇಳಿದ್ದರಿಂದ.

ಏನು ಮಾಡಬಹುದು? ಸಂವಿಧಾನ ತಿದ್ದುವ ಅಗತ್ಯವಿಲ್ಲ. ತನ್ನ ನಿಯಮಗಳನ್ನು ಬರೆದುಕೊಳ್ಳುವ ಅಧಿಕಾರ 118ನೇ ವಿಧಿಯಂತೆ ಪ್ರತಿ ಸದನದ ಕೈಯಲ್ಲೇ ಇದೆ. 270ನೇ ನಿಯಮದ ಷರತ್ತನ್ನು ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಸರ್ಕಾರ ನಿರಾಕರಿಸಿದಾಗ ವಿವಾದ ಅಲ್ಲಿಗೇ ಮುಗಿಯದೆ, ಕೆನಡಾ ಮಾದರಿಯಲ್ಲಿ ನಿವೃತ್ತ ನ್ಯಾಯಮೂರ್ತಿಗಳು ಮೂಲ ಕಡತ ನೋಡಿ ಹೇಳುವಂತಾಗಲಿ. ರಕ್ಷಣಾ ಸಮಿತಿಯ ಅವಧಿ ಲೋಕಸಭೆಯ ಅವಧಿಯಷ್ಟೇ ಇರಲಿ, ಅನುದಾನ ಬೇಡಿಕೆಯ ಪರಿಶೀಲನೆಗೆ ಸಚಿವರೇ ಬರಲಿ. ವಿಶೇಷಾಧಿಕಾರ ಕಾಯ್ದೆಯಡಿ ವಿಚಾರಣೆಗೆ ಅನುಮತಿ ನಿರಾಕರಿಸಿದ ಪ್ರತಿ ಸಲವೂ ಅದರ ಕಾರಣವನ್ನು ಬರಹದಲ್ಲಿ ಸದನದ ಮೇಜಿನ ಮೇಲಿಡಬೇಕೆಂದು ಆ ಕಾಯ್ದೆಗೇ ಒಂದು ಸಾಲು ಸೇರಿಸಬಹುದು. 1958ರಲ್ಲಿ ಆ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟದ್ದು ಸಂಸತ್ತೇ. ಕೊಟ್ಟ ಅಧಿಕಾರ ಹೇಗೆ ಬಳಕೆಯಾಯಿತೆಂದು ಕೇಳಲು ಅದಕ್ಕೆ ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ.